ಹಳೆಯ ಕಾರಿನ ಮೇನ್ ಫ್ಯೂಸ್ ಪದೇ ಪದೇ ಸುಡುವುದೇಕೆ?

ಮೇನ್ ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ ದೋಷ ಫ್ಯೂಸಿನದಲ್ಲ. ಅದರ ಮುಂದಿನ ವೈರಿಂಗ್‌ನಲ್ಲಿ ಇಲ್ಲವೇ ಆಲ್ಟರ್ನೇಟರಿನಲ್ಲಿ ಎಲ್ಲೋ ಕಾರಿನ ಬಾಡಿಗೆ ಶಾರ್ಟ್ ಆಗುತ್ತಿದೆ. ಹೊಸಪೇಟೆ–ಸಂಡೂರು ಕಡೆಯ ಅದಿರಿನ ಕೆಂಧೂಳು ಒಂದೇ ಇದಕ್ಕೆ ಕಾರಣವಾಗುವುದು ಅಪರೂಪ. ಬಿಸಿಲಿಗೆ ಒಣಗಿ ಬಿರಿದ ಇನ್ಸುಲೇಷನ್, ಹದಗೆಟ್ಟ ರಸ್ತೆಯ ಕುಲುಕಾಟಕ್ಕೆ ತಗಡಿನ ಅಂಚಿಗೆ ಉಜ್ಜಿ ಸವೆದ ವೈರು, ಇವೇ ಹೆಚ್ಚಾಗಿ ಕಾರಣ.

ಹುಡುಕಲು ಫ್ಯೂಸ್ ತೆಗೆದು, ಆ ಜಾಗಕ್ಕೆ 12 ವೋಲ್ಟ್, 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಜೋಡಿಸಬೇಕು. ಅದರ ಮೂಲಕ ಹರಿಯುವುದು ಎರಡು ಆಂಪಿಯರ್‌ಗಿಂತ ಕಡಿಮೆ, ಹಾಗಾಗಿ ವೈರು ಸುಡದು. ಕೀ ಆಫ್ ಇರುವಾಗಲೇ ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ಖಚಿತ. ಮೊದಲು ಆಲ್ಟರ್ನೇಟರಿನ ದಪ್ಪ ವೈರು ಬಿಚ್ಚಿ, ತುದಿಗೆ ಟೇಪ್ ಸುತ್ತಿಡಬೇಕು; ಬಲ್ಬ್ ಆರಿದರೆ ಒಳಗಿನ ಡಯೋಡ್ ಹೋಗಿದೆ. ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸಿದರೂ ಈ ಡಯೋಡ್‌ಗಳೇ ಬಲಿ. ಬಲ್ಬ್ ಆರದಿದ್ದರೆ ಉಳಿದ ಕವಲುಗಳನ್ನು ಒಂದೊಂದಾಗಿ ಬಿಚ್ಚಬೇಕು. ಯಾವುದನ್ನು ಬಿಚ್ಚಿದಾಗ ಬಲ್ಬ್ ಆರುತ್ತದೋ ದೋಷ ಅಲ್ಲಿದೆ. ರಸ್ತೆಯ ಹೊಂಡದಲ್ಲಿ ಮಾತ್ರ ಫ್ಯೂಸ್ ಸುಡುವುದಾದರೆ ವೈರಿನ ಕಟ್ಟನ್ನು ಕೈಯಿಂದ ಅಲುಗಾಡಿಸುತ್ತ ಬಲ್ಬ್ ಗಮನಿಸಬೇಕು.

ಫ್ಯೂಸಿನ ಬದಲು ತಾಮ್ರದ ತಂತಿ ಸುತ್ತುವುದು ಬಹಳ ಅಪಾಯಕಾರಿ. ಆಗ ಸುಡುವುದು ವೈರಿಂಗ್, ಕೆಲವೊಮ್ಮೆ ಕಾರೇ.