ಚಾ ಕುಡದೀರೇನು?

ಸಂಜೆ ಆರೂವರೆ. ಧಾರವಾಡದ ಸಪ್ತಾಪುರ ಬಾವಿಯ ಸುತ್ತ ಕೋಚಿಂಗ್ ಕ್ಲಾಸುಗಳು ಬಿಡುವ ಹೊತ್ತು. ಹೆಗಲಿಗೆ ಬ್ಯಾಗು, ಕೈಯಲ್ಲಿ ಝೆರಾಕ್ಸ್ ಕಟ್ಟು ಹಿಡಿದ ಹುಡುಗ ಹುಡುಗಿಯರು ರಸ್ತೆ ತುಂಬ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅನ್ನುವುದರಲ್ಲೇ ಅರ್ಧ ಮಾತು ಮುಗಿಯುತ್ತದೆ. ಅಲ್ಲಿಂದ ಒಂದು ಓಣಿ ಒಳಗೆ, ಪೇರಲ ಗಿಡದ ಹಿಂದಿನ ಮನೆಯ ಪಡಸಾಲೆಯಲ್ಲೂ ಒಂದು ಪಾಠ ನಡೆಯುತ್ತದೆ. ಅದಕ್ಕೆ ಬೋರ್ಡು ಇಲ್ಲ, ಫೀಯೂ ಇಲ್ಲ.

ಕಲಿಸುವವರು ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ನಿಂತು ನಿವೃತ್ತರಾದ ಸಿಸ್ಟರ್. ಕಲಿಯುವವರು ಅನಸ್ತೇಶಿಯಾ ಟೆಕ್ನಾಲಜಿ ಓದುವ ಮೂವರು ಹುಡುಗಿಯರು, ಒಬ್ಬ ಹುಡುಗ.

"ರೋಗಿಗೆ ಮೊದಲ ಏನ್ ಕೇಳತೀರಿ?"

"ಏನರ ತಿಂದೀರೇನು ಅಂತ ಕೇಳತೀವ್ರಿ."

"ತಿಂದಿಲ್ರೀ ಅಂತಾರ. ಖರೇನ ಹೇಳತಾರ. ಚಾ ಕುಡದೀರೇನು ಅಂತ ಕೇಳ್ರಿ. ನಮ್ಮ ಮಂದಿಗೆ ಚಾ ಅಂದ್ರ ತಿಂದಂಗಲ್ಲ, ಬಾಯಿ ತೊಳಕೊಂಡಂಗ. ಎಲಿ-ಅಡಿಕಿನೂ ಕೇಳ್ರಿ."

ನವಲಗುಂದದಿಂದಲೋ ಕಲಘಟಗಿಯಿಂದಲೋ ನಸುಕಿನ ಬಸ್ಸು ಹತ್ತಿ ಬಂದ ಅಜ್ಜಿ ಸುಳ್ಳು ಹೇಳುವುದಿಲ್ಲ. ನಮ್ಮ ಪ್ರಶ್ನೆಯೇ ತಪ್ಪಿರುತ್ತದೆ. ಅರಿವಳಿಕೆಯಲ್ಲಿ ಅರಿವು ತಪ್ಪಿದಾಗ ಗಂಟಲಿನ ಕಾವಲು ಸಡಿಲಾಗಿ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಬರೀ ನೀರಾದರೆ 2 ಗಂಟೆ ಸಾಕು. ಹಾಲು ಬೆರೆತ ಚಹಾಕ್ಕೆ ಹಗುರ ಊಟದಂತೆಯೇ 6 ಗಂಟೆ ಕಾಯಬೇಕು. ಪುಸ್ತಕದಲ್ಲಿ ಈ ಗಂಟೆಗಳ ಲೆಕ್ಕ ಸಿಗುತ್ತದೆ, ಅಜ್ಜಿಯನ್ನು ಕೇಳುವ ಬಗೆ ಸಿಗುವುದಿಲ್ಲ. ನನಗೆ ಈ ಪಡಸಾಲೆ ಮುಖ್ಯವೆನಿಸುವುದು ಅದಕ್ಕೇ.

ಸೀಮೆಸುಣ್ಣದಿಂದ ನೆಲದ ಮೇಲೆ ಎರಡು ಸಿಲಿಂಡರ್ ಮೂಡುತ್ತವೆ. ಆಕ್ಸಿಜನ್ನಿಗೆ ಕರಿ ಮೈ, ಬಿಳಿ ಹೆಗಲು. ನೈಟ್ರಸ್ ಆಕ್ಸೈಡ್ ಪೂರಾ ನೀಲಿ. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದು ಪಿನ್ನುಗಳ ಜಾಗವೇ ಬೇರೆ: ಮೊದಲಿನದಕ್ಕೆ 2 ಮತ್ತು 5, ಎರಡನೆಯದಕ್ಕೆ 3 ಮತ್ತು 5. "ಬಣ್ಣಾ ಒಂದ ನಂಬಬ್ಯಾಡ್ರಿ. ಪಿನ್ನೂ ಸವದಿರತೈತಿ. ಲೇಬಲ್ ಓದ್ರಿ, ಬಾಯಿ ಬಿಟ್ಟು ಓದ್ರಿ."

ನಮ್ಮಲ್ಲಿ ಅರಿವಳಿಕೆ ಕೊಡುವವರು ವೈದ್ಯರು. ಅವರು ಟ್ಯೂಬು ಹಾಕುವಾಗ ಮಾನಿಟರ್ ಮೇಲಿನ ಕಣ್ಣು, ಸಕ್ಷನ್ ಹಿಡಿದ ಕೈ ಈ ಮಕ್ಕಳದ್ದು. ಅಮೆರಿಕದಲ್ಲಿ ನರ್ಸುಗಳೇ ಅರಿವಳಿಕೆ ಕೊಡುವ ಪರಂಪರೆಯುಂಟು. ಶಸ್ತ್ರವೈದ್ಯರಾದ ಮೇಯೋ ಸಹೋದರರ ಬಳಿಯಿದ್ದ ನರ್ಸ್ ಆಲಿಸ್ ಮಗಾ 1906ರಲ್ಲಿ 14,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಅನುಭವ ಬರೆದರು. ಅರಿವಳಿಕೆಯಿಂದ ಒಂದೂ ಸಾವಿರಲಿಲ್ಲ. ರೋಗಿಯನ್ನು ಮಾತಾಡಿಸುತ್ತ ಮಲಗಿಸುವುದಕ್ಕೆ ಆಕೆ ಬಹಳ ಬೆಲೆ ಕೊಡುತ್ತಿದ್ದರು. ಸಿಸ್ಟರ್ ಕೂಡ ಅದನ್ನೇ ಮಾಡಿಸುತ್ತಾರೆ. ಹುಡುಗ ಚಾಪೆಯ ಮೇಲೆ ರೋಗಿಯಾಗಿ ಮಲಗುತ್ತಾನೆ. ತಲೆದೆಸೆಯಲ್ಲಿ ಕೂತ ಹುಡುಗಿ ಅವನ ಹಣೆ ಮುಟ್ಟಿ, "ಯಾವೂರ್ರೀ ಕಾಕಾ? ಮಳಿ ಆತೇನು? ಹೆಸರಿನ ಬೆಳಿ ಹೆಂಗೈತಿ?" ಎಂದು ವಿಚಾರಿಸುತ್ತಾಳೆ. ಉಳಿದವರು ನಗುವುದಿಲ್ಲ.

ಕತ್ತಲಾಗುತ್ತದೆ. ಎಲ್ಲರೂ ಕಣ್ಣು ಮುಚ್ಚುತ್ತಾರೆ. ಸಿಸ್ಟರ್ ಮೊಬೈಲಿನಲ್ಲಿ ಪಲ್ಸ್ ಆಕ್ಸಿಮೀಟರಿನ ಸದ್ದು ಹಾಕುತ್ತಾರೆ. ಟಿಂ, ಟಿಂ, ಟಿಂ. ರಕ್ತದ ಆಕ್ಸಿಜನ್ ಇಳಿದಂತೆ ಈ ಸದ್ದಿನ ಸ್ವರವೂ ತಗ್ಗುತ್ತದೆ, ಮೊದಮೊದಲು ಕೂದಲೆಳೆಯಷ್ಟು. ಚಿಕ್ಕಂದಿನಲ್ಲಿ ಹಾಡು ಕಲಿತ ಹುಡುಗಿಯ ಕೈ ಎಲ್ಲರಿಗಿಂತ ಮೊದಲು ಮೇಲೇಳುತ್ತದೆ.

"ಇಳೀತ್ರಿ!"

"ಇಳೀತು. ಏನ್ ಮಾಡತಿ?"

"ಡಾಕ್ಟರಿಗೆ ಹೇಳತೀನ್ರಿ."

"ಹೇಳಕೋತ?"

"ಬೆರಳಿನ ಕ್ಲಿಪ್ಪು ಜಾರೇತೇನ್ ನೋಡತೀನ್ರಿ. ಎದಿ ಏಳತೈತೇನ್ ನೋಡತೀನ್ರಿ."

"ಮೊದಲ ಎದಿ, ತಂಗಿ. ಆಮ್ಯಾಲೆ ಕ್ಲಿಪ್ಪು."

ಮತ್ತೆ ಮೊದಲಿನಿಂದ ಸದ್ದು ಶುರುವಾಗುತ್ತದೆ. ರಾತ್ರಿ ಡ್ಯೂಟಿಯ ಹುಡುಗ ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟುತ್ತಾನೆ. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹಿಡಿಯಬೇಕು.