ಕೋತಗಿರಿಯ ಶಾಲೆಗಳೂ ಕಡಲಾಚೆಯ ಮಾಸ್ತರರೂ

ಪರದೇಶದಿಂದ ಬಂದವರು ಬಡವರ ಮಕ್ಕಳಿಗಾಗಿ ಶಾಲೆ ನಡೆಸುವುದು ಹೊಸ ಸಂಗತಿಯೇನಲ್ಲ. ಆಫ್ರಿಕದ ನಗರಗಳ ಬಡ ಕೇರಿಗಳಲ್ಲಿ ಇಂದಿಗೂ ಇಂತಹ ಶಾಲೆಗಳಿಗಾಗಿ ದುಡಿಯುವ ವಿದೇಶೀಯರಿದ್ದಾರೆ. ಅವರ ತ್ಯಾಗವನ್ನು ಕೊಂಡಾಡುವವರು ಬಹಳ. ಆದರೆ ಅವರು ಹೊರಟುಹೋದ ಮೇಲೆ ಶಾಲೆಯ ಗತಿಯೇನು, ಅಲ್ಲಿ ಕಲಿತ ಭಾಷೆಯ ಗತಿಯೇನು ಎಂದು ಕೇಳುವವರು ವಿರಳ. ಕನ್ನಡ ಶಾಲೆಗಳ ಅಳಿವು ಉಳಿವಿನ ಚಿಂತೆಯನ್ನು ದಿನವೂ ಹೊತ್ತಿರುವ ನಾವು ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಉತ್ತರಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ನೀಲಗಿರಿಯ ಕೇತಿ ಮತ್ತು ಕೋತಗಿರಿಗಳ ಚರಿತ್ರೆಯನ್ನು ನೋಡಿದರೆ ಸಾಕು.

ಕೇತಿಯ ಬಂಗಲೆ

ನೀಲಗಿರಿಯ ಬಡಗರು ಉತ್ತರದಿಂದ, ಅಂದರೆ ಮೈಸೂರು ಸೀಮೆಯಿಂದ, ಬಂದವರೆಂಬುದನ್ನು ಅವರ ಹೆಸರೇ ಹೇಳುತ್ತದೆ. ಅವರ ಊರುಗಳು ‘ಹಟ್ಟಿ’ಗಳು, ಕುಲದೇವತೆ ಹೆತ್ತೆ. ಕೋತಗಿರಿಯ ಬಳಿಯ ಬೇರಗಣಿಯಲ್ಲಿ ನಡೆಯುವ ಹೆತ್ತೆ ಹಬ್ಬ ಇಂದಿಗೂ ಪ್ರಸಿದ್ಧ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಅದು ಸ್ವತಂತ್ರ ಭಾಷೆಯೆಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಆದರೂ ಆ ಮಾತು ನಮ್ಮ ಕಿವಿಗೆ ಬಿದ್ದರೆ ಬಂಧುಗಳ ದನಿಯನ್ನೇ ಕೇಳಿದಂತಾಗುತ್ತದೆ.

ಈ ಜನರ ಮಕ್ಕಳಿಗೆ ಶಾಲೆ ತೆರೆದವರಲ್ಲೊಬ್ಬರು ಮದರಾಸು ಸಿವಿಲ್ ಸೇವೆಯಲ್ಲಿದ್ದ ಜಾರ್ಜ್ ಕಾಸಮೇಜರ್ ಎಂಬ ಆಂಗ್ಲ ಅಧಿಕಾರಿ. 1845ರ ಸುಮಾರಿಗೆ ಕೇತಿ ಕಣಿವೆಯ ಬಂಗಲೆ ಅವರ ಕೈಸೇರಿತು. ಬೆಟ್ಟದ ತಂಪಿನಲ್ಲಿ ಸುಖವಾಗಿ ಕಾಲ ಕಳೆಯಬಹುದಾಗಿದ್ದ ಆ ವೃದ್ಧರು ಬಡಗರೊಡನೆ ಮಾತನಾಡುವುದಕ್ಕಾಗಿ ಕನ್ನಡ ಕಲಿತರು, ಶಾಲೆ ತೆರೆದರು. ಬಾಸೆಲ್ ಮಿಶನಿನವರನ್ನು ಬೆಟ್ಟಕ್ಕೆ ಕರೆಸಿಕೊಂಡರು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯ ಬಹುಪಾಲನ್ನು ಅದೇ ಮಿಶನಿಗೆ ಬಿಟ್ಟುಹೋದರು.

ಮಂಗಳೂರಿನಿಂದ ಬೆಟ್ಟಕ್ಕೆ

ಬಾಸೆಲ್ ಮಿಶನ್ ನಮಗೆ ಅಪರಿಚಿತವಲ್ಲ. ಕಾಸರಗೋಡು ಪೇಟೆಯ ಬಿ.ಇ.ಎಂ. ಶಾಲೆಯ ಹೆಸರಿನಲ್ಲಿರುವ ಮೂರು ಅಕ್ಷರಗಳು ಅದರವೇ. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆ ಅಲ್ಲಿ ಮುದ್ರಣಾಲಯ ಸ್ಥಾಪಿಸಿತು. ಅದರ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಅವರ ಜತೆಗಾರ ವೈಗ್ಲೆಯವರು 1846ರಲ್ಲಿ ಕೇತಿಗೆ ಹೋದರು. ಬ್ಯೂಲರ್, ಮೆಟ್ಜ್ ಮೊದಲಾದವರೂ ಬಂದು ಸೇರಿದರು. 1867ರಲ್ಲಿ ಕೋತಗಿರಿಯಲ್ಲಿಯೂ ಮಿಶನಿನ ಠಾಣೆ ಏರ್ಪಟ್ಟಿತು.

ಮೆಟ್ಜರದು ಹಟ್ಟಿಯಿಂದ ಹಟ್ಟಿಗೆ ಕಾಲ್ನಡಿಗೆಯಲ್ಲಿ ಸುತ್ತುವ ಬದುಕು. ನೀಲಗಿರಿಯ ಜನಾಂಗಗಳ ಆಚಾರ ವಿಚಾರಗಳನ್ನು ಕುರಿತ ಅವರ ಪುಸ್ತಕ 1856ರಲ್ಲಿ ಮದರಾಸಿನಲ್ಲಿ ಪ್ರಕಟವಾಗಿ, 1864ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ವಿಸ್ತೃತ ರೂಪದಲ್ಲಿ ಹೊರಬಂತು.

ಶಾಲೆ ನಡೆಸುವುದು ಸುಲಭವಿರಲಿಲ್ಲ. ರಾಗಿ, ಸಾಮೆ ಬೆಳೆದು ಎಮ್ಮೆ ಸಾಕುವ ಮನೆಗಳಲ್ಲಿ ಮಕ್ಕಳ ಕೈಗೂ ಕೆಲಸವಿರುತ್ತದೆ. ಹುಡುಗ ಎಮ್ಮೆ ಕಾಯಬೇಕು, ಹುಡುಗಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಅಕ್ಷರದಿಂದ ಹೊಟ್ಟೆ ತುಂಬುವುದುಂಟೇ ಎಂದು ಹಿರಿಯರು ಕೇಳಿದರೆ ತಪ್ಪೆನ್ನುವಂತಿಲ್ಲ. ಮಿಶನಿನ ಮೂಲ ಉದ್ದೇಶ ಮತಪ್ರಚಾರವೆಂಬುದು ಹಟ್ಟಿಯವರಿಗೆ ತಿಳಿಯದ ಗುಟ್ಟೂ ಆಗಿರಲಿಲ್ಲ. ಬಡಗರು ಬಹುಮಟ್ಟಿಗೆ ತಮ್ಮ ದೇವರನ್ನು ಬಿಡಲಿಲ್ಲ. ದಶಕಕ್ಕೂ ಮೀರಿ ಕಾದರೂ ಮತಾಂತರವಾದವರು ಬೆರಳೆಣಿಕೆಯಷ್ಟು ಮಂದಿ. ಆದರೆ ಅಕ್ಷರದ ರುಚಿ ಮಾತ್ರ ನಿಧಾನವಾಗಿ ಹತ್ತಿತು. ಮತವನ್ನು ಬೇಡವೆಂದ ಜನ ಶಾಲೆಯನ್ನು ಬೇಕೆಂದರು. ಮುಂದೆ ಇದೇ ಸಮಾಜದಿಂದ ಬಂದ ಪದವೀಧರೆ ಅಕ್ಕಮ್ಮ ದೇವಿಯವರು 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಆರಿಸಿ ಹೋದರು.

ಅದೇ ಮಿಶನ್, ಆಫ್ರಿಕದಲ್ಲಿ

ಇದೇ ಬಾಸೆಲ್ ಮಿಶನ್ ಮಂಗಳೂರಿಗೆ ಬರುವ ಮೊದಲೇ, 1828ರಲ್ಲಿ, ಆಫ್ರಿಕದ ಗೋಲ್ಡ್ ಕೋಸ್ಟಿಗೆ (ಇಂದಿನ ಘಾನಾ) ಹೋಗಿತ್ತು. ಮೊದಲು ಹೋದ ಯುವಕರನ್ನು ಅಲ್ಲಿಯ ಜ್ವರ ಬಲಿ ತೆಗೆದುಕೊಂಡಿತು. 1843ರಲ್ಲಿ ವೆಸ್ಟ್ ಇಂಡೀಸಿನಿಂದ ಕರೆತಂದ ಕರಿಯ ಕುಟುಂಬಗಳ ನೆರವಿನಿಂದ ಕೆಲಸ ಪುನಃ ಆರಂಭವಾಯಿತು. ಆ ತಂಡದಲ್ಲಿ ಕ್ಯಾಥರಿನ್ ಮಲ್‌ಗ್ರೇವ್ ಎಂಬ ತರುಣಿ ಇದ್ದರು. ಎಳೆಯ ವಯಸ್ಸಿನಲ್ಲಿ ಆಫ್ರಿಕದಿಂದ ಗುಲಾಮರ ಹಡಗಿಗೆ ಸಿಕ್ಕಿ, ಹಡಗೊಡೆದು ಜಮೈಕದಲ್ಲಿ ಬದುಕುಳಿದು, ಅಲ್ಲಿಯೇ ಓದಿ ಶಿಕ್ಷಕಿಯಾದವರು ಇವರು. ಇಂದು ಅಕ್ರಾ ನಗರದ ಭಾಗವಾಗಿರುವ ಒಸು ಎಂಬಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು. 1854ರಲ್ಲಿ ಆಂಗ್ಲರ ಫಿರಂಗಿಗಳು ಒಸುವನ್ನು ಹಾಳುಗೆಡವಿದಾಗ ಮಿಶನಿನ ಕೆಲಸವನ್ನು ಅಬೊಕೊಬಿ ಎಂಬ ಹಳ್ಳಿಗೆ ಸಾಗಿಸಬೇಕಾಯಿತು.

ಮಂಗಳೂರಿನಲ್ಲಿ ಕನ್ನಡಕ್ಕೆ ನಡೆದ ಕೆಲಸವೇ ಅಲ್ಲಿ ಸ್ಥಳೀಯ ಭಾಷೆಗಳಿಗೂ ನಡೆಯಿತು. ಕ್ರಿಸ್ಟಾಲರರು ಟ್ವಿ ಭಾಷೆಯ ವ್ಯಾಕರಣವನ್ನು 1875ರಲ್ಲಿ, ನಿಘಂಟನ್ನು 1881ರಲ್ಲಿ ಪ್ರಕಟಿಸಿದರು. ನಮ್ಮ ಕಿಟ್ಟೆಲ್ಲರ ನಿಘಂಟು ಹೊರಬಂದದ್ದು 1894ರಲ್ಲಿ. ಇದಕ್ಕೂ ಮಿಗಿಲಾದ ಸಂಗತಿಯೆಂದರೆ, ಅಕ್ರೊಪೊಂಗಿನಲ್ಲಿ 1848ರಲ್ಲೇ ಸ್ಥಳೀಯ ತರುಣರನ್ನು ಶಿಕ್ಷಕರನ್ನಾಗಿ ತಯಾರು ಮಾಡುವ ವಿದ್ಯಾಲಯ ಆರಂಭವಾದುದು.

ಹೊರಟುಹೋದ ಮೇಲೆ

1914ರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಮಿಶನ್ ಸ್ವಿಟ್ಜರ್ಲೆಂಡಿನದಾದರೂ ಅದರಲ್ಲಿ ಜರ್ಮನರು ಬಹುಮಂದಿ. ಭಾರತದಲ್ಲಿದ್ದ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಶಿಬಿರಗಳಲ್ಲಿಟ್ಟು, ಬಳಿಕ ಸ್ವದೇಶಕ್ಕೆ ಸಾಗಹಾಕಿತು. ಗೋಲ್ಡ್ ಕೋಸ್ಟಿನಿಂದ 1917ರಲ್ಲಿ ಅವರನ್ನು ಹೊರಗಟ್ಟಲಾಯಿತು. ಶಾಲೆಗಳ ಆಧಾರ ಒಮ್ಮೆಲೇ ಕಳಚಿಬಿತ್ತು. ಆದರೆ ಘಾನಾದಲ್ಲಿ ಊರಿನವರೇ ಆದ ಶಿಕ್ಷಕರು ಆಗಲೇ ತಯಾರಾಗಿದ್ದರು. ಸ್ಕಾಟ್ಲೆಂಡಿನ ಮಿಶನ್ ಬಂದು ಮೇಲ್ವಿಚಾರಣೆ ವಹಿಸಿಕೊಂಡಿತಾದರೂ ತರಗತಿಗಳನ್ನು ನಡೆಸಿದವರು ಆಫ್ರಿಕದ ಮಾಸ್ತರರೇ. ಅಕ್ರೊಪೊಂಗಿನ ಆ ವಿದ್ಯಾಲಯ ಇಂದಿಗೂ ಶಿಕ್ಷಕರನ್ನು ತಯಾರು ಮಾಡುತ್ತಿದೆ.

ನೀಲಗಿರಿಯ ಕತೆ ಬೇರೆ ದಾರಿ ಹಿಡಿಯಿತು. ಶಾಲೆಗಳು ಉಳಿದವು, ಬೆಳೆದವು, ಕನ್ನಡ ಉಳಿಯಲಿಲ್ಲ. ಮಿಶನಿನವರು ಮೊದಲಿಗೆ ಬಳಸಿದ್ದು ಕನ್ನಡವನ್ನೇ. ಬಡಗ ಮಾತಿನ ಸುವಾರ್ತೆಯನ್ನು ಮಂಗಳೂರಿನಲ್ಲಿ ಅಚ್ಚು ಮಾಡಿದ್ದೂ ಕನ್ನಡ ಲಿಪಿಯಲ್ಲಿ. ಆದರೆ ಕಚೇರಿ, ಕೋರ್ಟುಗಳ ವ್ಯವಹಾರ ಮದರಾಸಿನ ಕಡೆಗೆ ಮುಖ ಮಾಡಿತ್ತು. ಸಂತೆಯ ದಾರಿ ಮೇಟ್ಟುಪಾಳಯಕ್ಕೆ ಇಳಿಯುತ್ತಿತ್ತು. 1899ರಲ್ಲಿ ರೈಲು ಅಲ್ಲಿಂದ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ಏರಿತು. ಚಹಾ ತೋಟಗಳಿಗೆ ಬಯಲುಸೀಮೆಯಿಂದ ಬಂದ ಕೂಲಿಕಾರರ ಮಾತು ತಮಿಳು. ಕ್ರಮೇಣ ಶಾಲೆಯ ಭಾಷೆಯೂ ತಮಿಳಾಯಿತು. ಯಾರೂ ಕನ್ನಡವನ್ನು ನಿಷೇಧಿಸಬೇಕಾಗಿರಲಿಲ್ಲ. ಕನ್ನಡ ಕಲಿಸುವ ಮಾಸ್ತರರು ಊರೊಳಗೆ ಹುಟ್ಟದೇ ಹೋದದ್ದೇ ಸಾಕಾಯಿತು. ಇಂದು ಬಡಗ ಮನೆಗಳಲ್ಲಿ ಅಜ್ಜಿಯ ಮಾತು ಬಡಗವೇ, ಮೊಮ್ಮಗ ಬರೆಯುವುದು ಮಾತ್ರ ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ.

ನಮಗೆ ಇದರಲ್ಲೇನಿದೆ?

1956ರ ನವೆಂಬರ 1ರವರೆಗೆ ಕಾಸರಗೋಡೂ ನೀಲಗಿರಿಯೂ ಒಂದೇ ಮದರಾಸು ರಾಜ್ಯದಲ್ಲಿದ್ದವು. ಅಂದು ನಾವು ಕೇರಳಕ್ಕೆ ಸೇರಿದೆವು, ಅವರು ಮದರಾಸಿನಲ್ಲೇ ಉಳಿದರು. ನಮ್ಮಲ್ಲಿ ಕನ್ನಡ ಶಾಲೆಗಳು ಇಂದಿಗೂ ಇರುವುದಕ್ಕೆ ಕಾನೂನಿನ ರಕ್ಷಣೆಯೊಂದೇ ಕಾರಣವಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲಗಳ ಮಣ್ಣಿನಲ್ಲೇ ಹುಟ್ಟಿ, ಇಲ್ಲಿಯೇ ಕಲಿತು, ಇಲ್ಲಿಯೇ ಕಲಿಸಿದ ಅಧ್ಯಾಪಕರ ಪರಂಪರೆಯೊಂದು ನಮಗಿತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಪರಂಪರೆಯವರು.

ಹೊರಗಿನಿಂದ ಬರುವ ನೆರವನ್ನು ಬೇಡವೆನ್ನಬೇಕಾಗಿಲ್ಲ. ದೂರದ ಊರಿನಲ್ಲಿ ದುಡಿಯುವ ನಮ್ಮ ಮಕ್ಕಳು ಶಾಲೆಗೆ ಒಂದು ಕೋಣೆ ಕಟ್ಟಿಸಿಕೊಟ್ಟರೆ ಸಂತೋಷವೇ. ಬೆಂಗಳೂರಿನಿಂದ ಪುಸ್ತಕಗಳು ಬಂದರೆ ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಕಾಸಮೇಜರರ ಆಸ್ತಿಯಿಂದ ಶಾಲೆಗೆ ಆಸರೆ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ಕಟ್ಟಡಕ್ಕೆ ಹಣ ಸಾಕು. ಭಾಷೆಗೆ ಊರಿನ ಮಾಸ್ತರನೇ ಬೇಕು.

ಆದುದರಿಂದ ನಮ್ಮ ಮನೆಗಳಲ್ಲಿ ಕಲಿಕೆಯಲ್ಲಿ ಮುಂದಿರುವ ಹುಡುಗ ಹುಡುಗಿಯರಿಗೆ ‘ನೀನು ಕನ್ನಡ ಮೇಷ್ಟ್ರಾಗು, ಟೀಚರಾಗು’ ಎಂದು ಹೇಳುವ ಧೈರ್ಯ ನಮಗಿದೆಯೇ? ಇಂಜಿನಿಯರಾಗು ಎನ್ನುವಷ್ಟೇ ಅಭಿಮಾನದಿಂದ ಈ ಮಾತನ್ನೂ ಹೇಳಬಲ್ಲೆವಾದರೆ ನಮ್ಮ ಶಾಲೆಗಳು ಇನ್ನೊಂದು ತಲೆಮಾರನ್ನು ಕಂಡಾವು.