ಪೋಕೆಮಾನ್ ಕಾರ್ಡ್ ಆಟ: ಎದುರಾಳಿಯ ಕೈ ಕೆಡಿಸುವ ‘ಐಯೋನೊ’ ನಿಜಕ್ಕೂ ಅಷ್ಟು ಬಲಶಾಲಿಯೇ?

ಗೆಲ್ಲಲು ಇನ್ನೊಂದೇ ಹೆಜ್ಜೆ. ಕೈಯಲ್ಲಿ ಎಂಟು ಕಾರ್ಡ್, ಮುಂದಿನ ಸರದಿಗೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಅಷ್ಟರಲ್ಲಿ ಎದುರು ಕುಳಿತವರು ಒಂದು ಕಾರ್ಡ್ ಇಳಿಸುತ್ತಾರೆ. ಎಂಟೂ ಕಾರ್ಡ್ ಕಟ್ಟಿನ ತಳ ಸೇರುತ್ತವೆ, ಬದಲಿಗೆ ಸಿಗುವುದು ಒಂದೇ ಒಂದು. ರಮ್ಮಿಯಲ್ಲಿ ಡಿಕ್ಲೇರ್ ಮಾಡಲು ಒಂದೆಲೆ ಬಾಕಿ ಇರುವಾಗ ಯಾರೋ ಬಂದು ಕೈಯಲ್ಲಿದ್ದ ಎಲೆಗಳನ್ನೆಲ್ಲ ಕಿತ್ತುಕೊಂಡು ಹೋದರೆ ಹೇಗಿರುತ್ತದೋ ಹಾಗೆ.

ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮ್‌ನಲ್ಲಿ ಹೀಗೆ ಮಾಡುವ ಕಾರ್ಡ್‌ಗಳದ್ದೇ ಒಂದು ಪರಂಪರೆಯಿದೆ. ಅದರಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 2023ರ ಜೂನ್‌ನಲ್ಲಿ ‘ಪಾಲ್ಡಿಯಾ ಇವಾಲ್ವ್ಡ್’ ಸೆಟ್‌ನಲ್ಲಿ ಬಂದ ‘ಐಯೋನೊ’. ಹೊಸದಾಗಿ ಆಡುವವರು ಇದರ ಏಟು ತಿಂದ ಮೇಲೆ ತಮ್ಮ 60 ಕಾರ್ಡ್‌ಗಳ ಡೆಕ್‌ಗೂ ನಾಲ್ಕು ಪ್ರತಿ ತುಂಬಿಸಿಕೊಳ್ಳುತ್ತಾರೆ. ಆಮೇಲೆ ಅದೇ ಕಾರ್ಡ್ ಇಳಿಸಿ ಎದುರಾಳಿಯನ್ನೇ ಗೆಲ್ಲಿಸಿ ಕೂರುತ್ತಾರೆ. ಹಾಗಾದರೆ ಇಂತಹ ಕಾರ್ಡ್‌ನ ಬಲ ಅಳೆಯುವುದು ಹೇಗೆ?

ಕಾರ್ಡ್ ಮಾಡುವುದೇನು?

ಈ ಆಟದಲ್ಲಿ ಇಬ್ಬರ ಮುಂದೆಯೂ ಶುರುವಿಗೆ ತಲಾ 6 ಪ್ರೈಜ್ ಕಾರ್ಡ್ ಮುಚ್ಚಿಟ್ಟಿರುತ್ತಾರೆ. ಎದುರಾಳಿಯ ಪೋಕೆಮಾನ್ ಸೋತಾಗ ಒಂದು ಪ್ರೈಜ್, ‘ಇಎಕ್ಸ್’ನಂತಹ ದೊಡ್ಡದಾದರೆ ಎರಡು. ಮೊದಲು ಆರೂ ಎತ್ತಿಕೊಂಡವರು ಗೆದ್ದಂತೆ.

ಐಯೋನೊ ಇಳಿಸಿದರೆ ಇಬ್ಬರೂ ಕೈಯಲ್ಲಿದ್ದುದನ್ನು ಕಲೆಸಿ ಕಟ್ಟಿನ ಕೆಳಗಿಡಬೇಕು. ನಂತರ ಪ್ರತಿಯೊಬ್ಬರೂ ತಮಗೆ ಎಷ್ಟು ಪ್ರೈಜ್ ಬಾಕಿ ಇದೆಯೋ ಅಷ್ಟು ಕಾರ್ಡ್ ಮೇಲಿನಿಂದ ಎತ್ತಬೇಕು. ಅಂದರೆ ಮುಂದಿರುವವರಿಗೆ ಕಡಿಮೆ, ಹಿಂದುಳಿದವರಿಗೆ ಹೆಚ್ಚು. 2011ರಲ್ಲಿ ಬಂದ ‘ಎನ್’ ಎಂಬ ಕಾರ್ಡ್ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಒಂದು ವ್ಯತ್ಯಾಸವೆಂದರೆ, ಅದರಲ್ಲಿ ಕೈಯ ಕಾರ್ಡ್‌ಗಳು ಇಡೀ ಕಟ್ಟಿನೊಂದಿಗೆ ಬೆರೆಯುತ್ತಿದ್ದವು. ಐಯೋನೊದಲ್ಲಿ ತಳಕ್ಕೆ ಹೋಗುತ್ತವೆ. ಇದು ಸಣ್ಣ ವಿಷಯವಲ್ಲ. ತಳಕ್ಕೆ ಹೋದ ಒಳ್ಳೆಯ ಕಾರ್ಡ್, ಕಟ್ಟನ್ನು ಮತ್ತೊಮ್ಮೆ ಕಲೆಸುವವರೆಗೂ ಸಿಗುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ಒಂದು ಉದಾಹರಣೆ ನೋಡೋಣ. ಎದುರಾಳಿಯ ಕಟ್ಟಿನಲ್ಲಿ 20 ಕಾರ್ಡ್ ಉಳಿದಿವೆ, ಅದರಲ್ಲಿ ಅವರನ್ನು ಪಾರು ಮಾಡಬಲ್ಲವು 5 ಎಂದುಕೊಳ್ಳಿ. ಅವರಿಗೆ ಬಾಕಿ ಇರುವುದು ಒಂದೇ ಪ್ರೈಜ್. ಐಯೋನೊ ಬಿದ್ದ ಮೇಲೆ ಸಿಗುವುದು ಒಂದು ಕಾರ್ಡ್, ಸರದಿಯ ಆರಂಭದಲ್ಲಿ ಎಲ್ಲರೂ ಎತ್ತುವ ಇನ್ನೊಂದು ಸೇರಿ ಎರಡು. ಈ ಎರಡರಲ್ಲಿ ಬೇಕಾದದ್ದು ಒಂದಾದರೂ ಇರುವ ಸಾಧ್ಯತೆ ಸುಮಾರು ಶೇ 45.

ಅಂದರೆ ಅತ್ಯುತ್ತಮ ಸನ್ನಿವೇಶದಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಬಾರಿ ಎದುರಾಳಿ ತಪ್ಪಿಸಿಕೊಳ್ಳುತ್ತಾರೆ. ‘ಐಯೋನೊ ಇಳಿಸಿದರೆ ಆಟ ಮುಗಿಯಿತು’ ಎಂಬ ಮಾತಿಗೆ ಇಲ್ಲೇ ಪೆಟ್ಟು ಬೀಳುತ್ತದೆ.

ಅದೇ ಕಟ್ಟು, ಆದರೆ ಎದುರಾಳಿಗೆ 4 ಪ್ರೈಜ್ ಬಾಕಿ ಇದ್ದರೆ? ಐದು ಕಾರ್ಡ್ ನೋಡಲು ಸಿಗುತ್ತದೆ, ಪಾರಾಗುವ ಸಾಧ್ಯತೆ ಶೇ 81ಕ್ಕೆ ಏರುತ್ತದೆ. ಆರೂ ಪ್ರೈಜ್ ಬಾಕಿ ಇದ್ದರೆ ಶೇ 92. ಅಷ್ಟು ಹೊತ್ತಿಗೆ ಕೆಡಿಸುವ ಕಾರ್ಡ್ ಹೋಗಿ ಉಪಕಾರ ಮಾಡುವ ಕಾರ್ಡ್ ಆಗಿರುತ್ತದೆ. ಎದುರಾಳಿ ಎರಡೇ ಕಾರ್ಡ್ ಹಿಡಿದು, ಏನೂ ಆಡಲಾಗದೆ ಸರದಿ ಬಿಟ್ಟುಕೊಡುತ್ತಿರುವಾಗ ಐಯೋನೊ ಇಳಿಸುವುದೆಂದರೆ ಬಾಡಿದ ಕೈಗೆ ಆರು ಹೊಸ ಕಾರ್ಡ್ ಉಡುಗೊರೆ ಕೊಟ್ಟಂತೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಎದುರಾಳಿ ಹಿಂದಿನ ಸರದಿಯಲ್ಲಿ ಏನು ಮಾಡಿದರು ಎಂಬುದನ್ನು ನೋಡಿದ್ದರೆ ಸಾಕಿತ್ತು. ಕಟ್ಟಿನಲ್ಲಿ ಹುಡುಕಿ ತೆಗೆದ ಕಾರ್ಡನ್ನು ಆಡದೆ ಕೈಯಲ್ಲೇ ಉಳಿಸಿಕೊಂಡಿದ್ದರೆ ಅಲ್ಲಿ ಕೆಡಿಸಲು ಏನೋ ಇದೆ. ಎರಡು ಸರದಿಯಿಂದ ಸುಮ್ಮನಿದ್ದರೆ, ಅವರ ಕೈಯನ್ನು ಹಾಗೇ ಬಿಡುವುದೇ ಲಾಭ.

ಗಳಿಸಿದ ಸಮಯ ಏನಾಗುತ್ತದೆ?

ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಮೇಲಿನ ಉದಾಹರಣೆಯಲ್ಲಿ ಎದುರಾಳಿ ಮೊದಲ ಸರದಿಯಲ್ಲಿ ಪಾರಾಗಲಿಲ್ಲ ಎನ್ನಿ. ಪ್ರತಿ ಸರದಿಗೂ ಅವರು ಒಂದು ಹೊಸ ಕಾರ್ಡ್ ಎತ್ತುತ್ತಲೇ ಇರುತ್ತಾರೆ. ಬೇರೇನೂ ನೆರವಿಲ್ಲದಿದ್ದರೂ ಎರಡನೇ ಸರದಿಯೊಳಗೆ ಬೇಕಾದದ್ದು ಸಿಗುವ ಸಾಧ್ಯತೆ ಶೇ 60, ಮೂರನೇ ಸರದಿಯೊಳಗೆ ಶೇ 72.

ಅಂದರೆ ಇಂತಹ ಕಾರ್ಡ್ ಗೆಲುವನ್ನು ತಂದುಕೊಡುವುದಿಲ್ಲ, ಒಂದೆರಡು ಸರದಿ ಕೊಡುತ್ತದೆ ಅಷ್ಟೆ. ಆ ಸರದಿಗಳಲ್ಲಿ ಪ್ರೈಜ್ ಎತ್ತುವ ಶಕ್ತಿ ಮೇಜಿನ ಮೇಲಿದ್ದರೆ ಅದು ಭರ್ಜರಿ ಕಾರ್ಡ್. ದಾಳಿಗೆ ಪೋಕೆಮಾನೇ ಸಿದ್ಧವಿಲ್ಲದವರು ಅದನ್ನು ಇಳಿಸಿದರೆ ಸೋಲು ತುಸು ಮುಂದಕ್ಕೆ ಹೋಗುತ್ತದೆ.

ಎದುರಾಳಿಯ ಮೇಜಿನ ಮೇಲೆ ಏನಿದೆ ಎಂಬುದೂ ಅಷ್ಟೇ ಮುಖ್ಯ. 2023ರಲ್ಲೇ ಬಂದ ‘ಪಿಜ್ಯಾಟ್ ಇಎಕ್ಸ್’ ಸರದಿಗೊಮ್ಮೆ ಕಟ್ಟಿನಿಂದ ಬೇಕಾದ ಯಾವುದೇ ಒಂದು ಕಾರ್ಡ್ ಹುಡುಕಿ ಕೊಡುತ್ತದೆ. ‘ಚಾರಿಜಾರ್ಡ್ ಇಎಕ್ಸ್’ ಡೆಕ್‌ಗಳು ಇದನ್ನು ನೆಚ್ಚಿಕೊಂಡಿದ್ದಕ್ಕೆ ಇದೇ ಕಾರಣ. ಅದು ಬೆಂಚಿನಲ್ಲಿ ಕೂತಿದ್ದರೆ ಕೈಯಲ್ಲಿ ಒಂದೇ ಕಾರ್ಡ್ ಉಳಿದರೂ ಹೆಚ್ಚೇನೂ ತೊಂದರೆಯಿಲ್ಲ, ಮೇಲಿನ ಶೇ 45ರ ಲೆಕ್ಕವೂ ಅಲ್ಲಿ ನಡೆಯುವುದಿಲ್ಲ. ಹೀಗಾಗಿಯೇ ಅನುಭವಿಗಳು ಐಯೋನೊವನ್ನು ಒಂಟಿಯಾಗಿ ಆಡುತ್ತಿರಲಿಲ್ಲ. ಇಎಕ್ಸ್‌ನಂತಹ ದೊಡ್ಡ ಪೋಕೆಮಾನ್‌ಗಳ ಸಾಮರ್ಥ್ಯವನ್ನು ಸ್ಥಗಿತಗೊಳಿಸುವ ‘ಪಾತ್ ಟು ದಿ ಪೀಕ್’ ಸ್ಟೇಡಿಯಂ ಸ್ಟ್ಯಾಂಡರ್ಡ್ ಮಾದರಿಯಲ್ಲಿ ಇರುವವರೆಗೂ ಎರಡನ್ನೂ ಒಂದೇ ಸರದಿಯಲ್ಲಿ ಇಳಿಸುವುದು ಹೆಸರಾಂತ ತಂತ್ರವಾಗಿತ್ತು.

ಬೆಲೆ ಯಾವುದು?

ಐಯೋನೊ ‘ಸಪೋರ್ಟರ್’ ವರ್ಗದ ಕಾರ್ಡ್. ಒಂದು ಸರದಿಗೆ ಒಂದೇ ಸಪೋರ್ಟರ್ ಆಡಬಹುದು. ಅದನ್ನು ಇಳಿಸಿದರೆ, 7 ಕಾರ್ಡ್ ಎತ್ತಿಕೊಡುವ ‘ಪ್ರೊಫೆಸರ್ಸ್ ರಿಸರ್ಚ್’ ಆಗಲಿ, ಬೆಂಚಿನಲ್ಲಿ ಅಡಗಿರುವ ಪೋಕೆಮಾನನ್ನು ಮುಂದಕ್ಕೆಳೆಯುವ ‘ಬಾಸಸ್ ಆರ್ಡರ್ಸ್’ ಆಗಲಿ ಆ ಸರದಿಗೆ ಇಲ್ಲ. ನಿಜವಾದ ಬೆಲೆ ಅದೇ.

ಈ ಬೆಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ‘ರೆಡ್ ಕಾರ್ಡ್’ ಮತ್ತು 2019ರ ‘ರೀಸೆಟ್ ಸ್ಟ್ಯಾಂಪ್’ ಎರಡೂ ‘ಐಟಂ’ ವರ್ಗದವು, ಸರದಿಗೆ ಇಷ್ಟೇ ಎಂಬ ಮಿತಿ ಅವಕ್ಕಿಲ್ಲ. ಜತೆಗೆ ಅವು ಎದುರಾಳಿಯ ಕೈಯನ್ನು ಮಾತ್ರ ಕೆಡಿಸುತ್ತವೆ. ಹಳೆಯ ಕಾರ್ಡ್‌ಗಳಿಗೂ ಅವಕಾಶವಿರುವ ‘ಎಕ್ಸ್‌ಪ್ಯಾಂಡೆಡ್’ ಮಾದರಿಯಲ್ಲಿ ಎರಡೂ ನಿಷೇಧದ ಪಟ್ಟಿ ಸೇರಿದವು. ಬರೆದ ಸಾಲುಗಳಲ್ಲಿ ರೀಸೆಟ್ ಸ್ಟ್ಯಾಂಪ್ ಮತ್ತು ‘ಎನ್’ ಅಣ್ಣತಮ್ಮಂದಿರಂತೆ ಕಂಡರೂ ಆಟದಲ್ಲಿ ಅಜಗಜಾಂತರ.

2024ರ ಮೇನಲ್ಲಿ ಬಂದ ‘ಅನ್‌ಫೇರ್ ಸ್ಟ್ಯಾಂಪ್’ ನೋಡಿದರೆ ಕಂಪನಿ ಆ ಪಾಠ ಕಲಿತಂತಿದೆ. ಇದೂ ಐಟಂ, ಎದುರಾಳಿಗೆ ಉಳಿಸುವುದು ಎರಡೇ ಕಾರ್ಡ್, ಇಳಿಸಿದವರಿಗೆ ಐದು. ಆದರೆ ಹಿಂದಿನ ಸರದಿಯಲ್ಲಿ ತಮ್ಮ ಪೋಕೆಮಾನ್ ಸೋತಿದ್ದರೆ ಮಾತ್ರ ಆಡಬಹುದು. ಜತೆಗೆ ಇದು ‘ಏಸ್ ಸ್ಪೆಕ್’, ಅಂದರೆ ಆ ಬಗೆಯ ಕಾರ್ಡ್ ಇಡೀ ಡೆಕ್‌ಗೆ ಒಂದೇ ಒಂದು.

ಕಾರ್ಡ್ ಖರೀದಿಗೆ ಮುನ್ನ

ಮನೆಯಲ್ಲಿ ಮಕ್ಕಳು ಐಯೋನೊ ಬೇಕೆಂದು ಹಟ ಹಿಡಿದಿದ್ದರೆ ಪೋಷಕರು ಒಂದು ವಿಷಯ ಗಮನಿಸಬಹುದು. ಇದೇ ಕಾರ್ಡ್‌ನ ವಿಶೇಷ ಚಿತ್ರವುಳ್ಳ ಪ್ರತಿ ಆ ಸೆಟ್‌ನ ದುಬಾರಿ ಕಾರ್ಡ್‌ಗಳಲ್ಲೊಂದು. ಸಂಗ್ರಾಹಕರು ಅದಕ್ಕೆ ಮುಗಿಬೀಳುವುದು ಚಿತ್ರಕ್ಕಾಗಿ. ಆಟದಲ್ಲಿ ಅದಕ್ಕೂ ಸಾದಾ ಪ್ರತಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಪಂದ್ಯಗಳಿಗೆ ಹೋಗುವ ಯೋಚನೆಯಿದ್ದರೆ, ಸ್ಟ್ಯಾಂಡರ್ಡ್ ಮಾದರಿಯಿಂದ ಹಳೆಯ ಕಾರ್ಡ್‌ಗಳನ್ನು ಕಾಲಕಾಲಕ್ಕೆ ಕೈಬಿಡುವುದರಿಂದ ಅಧಿಕೃತ ಪಟ್ಟಿ ನೋಡಿಯೇ ಹಣ ಹಾಕುವುದು ಒಳ್ಳೆಯದು.

ಹಣ ಖರ್ಚು ಮಾಡದೆ ಕಲಿಯಲು ಫೋನ್‌ನಲ್ಲೇ ದಾರಿಯಿದೆ. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ‘ಪೋಕೆಮಾನ್ ಟಿಸಿಜಿ ಪಾಕೆಟ್’ ಆ್ಯಪ್‌ನಲ್ಲಿ ಡೆಕ್ 20 ಕಾರ್ಡ್‌ಗಳದ್ದು, ಗೆಲುವಿಗೆ 3 ಪಾಯಿಂಟ್. ಅಲ್ಲಿನ ರೆಡ್ ಕಾರ್ಡ್ ಎದುರಾಳಿಗೆ 3 ಕಾರ್ಡ್ ಕೊಡುತ್ತದೆ. ‘ಮಾರ್ಸ್’ ಎಂಬ ಸಪೋರ್ಟರ್, ಗೆಲ್ಲಲು ಎಷ್ಟು ಪಾಯಿಂಟ್ ಬಾಕಿಯೋ ಅಷ್ಟು ಕಾರ್ಡ್. ಹತ್ತಿಪ್ಪತ್ತು ಆಟ ಆಡಿ, ಈ ಕಾರ್ಡ್ ಇಳಿಸಿದ ಮೇಲೆ ಎದುರಾಳಿಯ ಮುಂದಿನ ಸರದಿ ನಿಜಕ್ಕೂ ಕೆಟ್ಟಿತೇ ಎಂದು ಪ್ರತಿ ಬಾರಿ ಕಾಗದದಲ್ಲಿ ಗುರುತು ಹಾಕಿಕೊಳ್ಳಬಹುದು. ಕೆಲಸ ಮಾಡಿದ ಆಟಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ, ಕಾಗದದಲ್ಲಿ ಉಳಿದವೂ ಇರುತ್ತವೆ.